ಕಥೆಯ ಒಡೆಯರು

ದೆಹಲಿಯ ಆರ್.ಕೆ.ಪುರಂನ 12ನೇ ಸೆಕ್ಟರಿನಲ್ಲಿ, ರಾವ್ ತುಲಾರಾಂ ಮಾರ್ಗದಲ್ಲಿ, ದೆಹಲಿ ಕರ್ನಾಟಕ ಸಂಘದ ಕಟ್ಟಡವಿದೆ. ಅದೇ ಬಡಾವಣೆಯ 9ನೇ ಸೆಕ್ಟರಿನಲ್ಲಿ ಸಂಗಮ್ ಚಿತ್ರಮಂದಿರವಿದೆ. ಸಂಘದಲ್ಲಿ ಯಕ್ಷಗಾನ ನೋಡುವ ಕನ್ನಡ ಮನೆಗಳ ಮಕ್ಕಳೇ ಪರದೆಯ ಮೇಲೆ ಹಾಲಿವುಡ್ಡಿನ ಸೂಪರ್‌ಹೀರೋಗಳನ್ನೂ ನೋಡಿ ಬೆಳೆಯುತ್ತಾರೆ. ಅಂಥ ಒಬ್ಬ ಹುಡುಗ ಒಮ್ಮೆ ಕೇಳಿದ: “ಅಂಕಲ್, ಕಾಮಿಕ್ಸ್‌ನಲ್ಲಿ ಸ್ಪೈಡರ್‌ಮ್ಯಾನ್, ವುಲ್ವರಿನ್ ಎಷ್ಟೋ ಸಲ ಭೇಟಿಯಾಗ್ತಾರೆ. ಸಿನಿಮಾದಲ್ಲಿ ಯಾಕೆ ಆಗಲ್ಲ?” ಇದಕ್ಕೆ ಉತ್ತರವನ್ನು ಕರಾರುಪತ್ರಗಳಲ್ಲಿ ಹುಡುಕಬೇಕು.

ನಮ್ಮ ಭೀಮನಿಗೆ ಈ ತೊಡಕು ಇರಲಿಲ್ಲ. ಸೌಗಂಧಿಕಾ ಪುಷ್ಪವನ್ನು ಅರಸಿ ಹೊರಟವನ ದಾರಿಗೆ ರಾಮಾಯಣದ ಹನುಮಂತ ಅಡ್ಡಲಾಗಿ ಮಲಗಲು ಯಾರ ಅನುಮತಿಯೂ ಬೇಕಾಗಲಿಲ್ಲ. ಹಾಗೆಂದು ನಮ್ಮ ಕವಿಗಳಿಗೆ ಒಡೆಯರು ಇರಲಿಲ್ಲವೆಂದಲ್ಲ. ಪಂಪ ಅರ್ಜುನನಲ್ಲಿ ಅರಿಕೇಸರಿಯನ್ನೂ ರನ್ನ ಭೀಮನಲ್ಲಿ ಸತ್ಯಾಶ್ರಯನನ್ನೂ ಕಂಡದ್ದು ಆಶ್ರಯದ ಋಣದಿಂದ. ಆದರೂ ಪಂಪನ ಕರ್ಣ, ರನ್ನನ ದುರ್ಯೋಧನ ಆ ಋಣವನ್ನು ಮೀರಿ ನಿಂತರು. ಕಾವ್ಯ ಅರಸನಿಗೆ ಸಲ್ಲುತ್ತಿತ್ತು. ಪಾತ್ರ ಎಲ್ಲರದಾಗಿ ಉಳಿಯುತ್ತಿತ್ತು. ಅಮೆರಿಕದ ಸೂಪರ್‌ಹೀರೋ ಹಾಗಲ್ಲ, ಅವನು ಕಂಪನಿಯ ಆಸ್ತಿ. ಆಸ್ತಿ ಕೈ ಬದಲಿಸಿದಂತೆಲ್ಲ ಅವನ ಕಥೆ ಹೇಳುವ ಹಕ್ಕೂ ಕೈ ಬದಲಿಸುತ್ತದೆ.

1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಆ ದಶಕದಲ್ಲೇ ಎಕ್ಸ್‌-ಮೆನ್‌ ಚಿತ್ರಹಕ್ಕು ಫಾಕ್ಸ್‌ ಪಾಲಾಗಿ, ಸ್ಪೈಡರ್‌ಮ್ಯಾನ್ ಸೋನಿಯ ಕೈ ಸೇರಿದ. ಉಳಿದ ಪಾತ್ರಗಳಲ್ಲಿ ಕೆಲವನ್ನು ಅಡವಿಟ್ಟು ಮಾರ್ವೆಲ್ 2005ರಲ್ಲಿ ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್‌ಗಳ ಸಾಲದ ಏರ್ಪಾಟು ಮಾಡಿಕೊಂಡಿತು. ಅದರಿಂದ ಹುಟ್ಟಿದ್ದು 2008ರ ‘ಐರನ್ ಮ್ಯಾನ್’. ಮರುವರ್ಷವೇ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗಳಿಗೆ ಮಾರ್ವೆಲನ್ನು ಕೊಂಡುಕೊಂಡಿತು.

ದೊಡ್ಡ ಒಡೆಯ ಬಂದರೆ ಕಲೆ ಸೊರಗುತ್ತದೆ ಎಂಬ ಮಾತು ಪೂರ್ಣಸತ್ಯವಲ್ಲ. ಚಿತ್ರಗಳ ಮೇಲೆ ಮಾರ್ವೆಲ್‌ನ ಹಳೆಯ ಆಡಳಿತಕ್ಕಿದ್ದ ಹಿಡಿತ 2015ರಲ್ಲಿ ಸಡಿಲಿತು. ಕೆವಿನ್ ಫೈಗಿ ನೇರವಾಗಿ ಡಿಸ್ನಿ ಸ್ಟುಡಿಯೋಗೆ ಉತ್ತರದಾಯಿಯಾದರು. ‘ಬ್ಲ್ಯಾಕ್ ಪ್ಯಾಂಥರ್’, ‘ಕ್ಯಾಪ್ಟನ್ ಮಾರ್ವೆಲ್’ ಚಿತ್ರಗಳಿಗೆ ಒಡ್ಡಿದ್ದ ಅಡ್ಡಿಗಳನ್ನು ತೆಗೆಯುವಂತೆ ತಾವೇ ಹೇಳಬೇಕಾಯಿತೆಂದು ಡಿಸ್ನಿಯ ಬಾಬ್ ಐಗರ್ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ.

2019ರ ಮಾರ್ಚ್ 20ರಂದು 7,130 ಕೋಟಿ ಡಾಲರ್‌ಗಳ ವ್ಯವಹಾರದಲ್ಲಿ ಫಾಕ್ಸ್‌ ಕೂಡ ಡಿಸ್ನಿಗೆ ಸೇರಿತು. ‘ಡೆಡ್‌ಪೂಲ್’, ‘ಲೋಗನ್’ನಂಥ ವಯಸ್ಕರ ಚಿತ್ರಗಳಿಗೆ ಧೈರ್ಯ ಮಾಡಿದ್ದು ಇದೇ ಫಾಕ್ಸ್‌. 2017ರಲ್ಲಿ ಚಿತ್ರೀಕರಣ ಕಂಡ ಅದರ ‘ನ್ಯೂ ಮ್ಯುಟೆಂಟ್ಸ್’ ತೆರೆಗೆ ಬಂದದ್ದು 2020ರ ಆಗಸ್ಟಿನಲ್ಲಿ. ಡೆಡ್‌ಪೂಲನ ಒರಟು ನಾಲಿಗೆ 2024ರ ಚಿತ್ರದಲ್ಲಿಯೂ ಉಳಿಯಿತು, ನಿಜ. ಆದರೆ ಒಂದು ಮನೆಯಲ್ಲಿ ಒಪ್ಪದ ಕಥೆಯನ್ನು ಹಿಡಿದು ತಟ್ಟಬಹುದಾಗಿದ್ದ ಇನ್ನೊಂದು ಬಾಗಿಲು ಮುಚ್ಚಿತು.

ವಾರ್ನರ್ ಬ್ರದರ್ಸ್‌ನ ಕಥೆ ಇನ್ನೂ ಕಠಿಣ. 1969ರಲ್ಲಿ ಕಿನ್ನಿ ಕಂಪನಿ ಅದನ್ನು ಕೊಂಡಾಗಿನಿಂದ ಆ ಸ್ಟುಡಿಯೋ ಮತ್ತು ಸೂಪರ್‌ಮ್ಯಾನ್‌ನ ಡಿಸಿ ಕಾಮಿಕ್ಸ್ ಒಂದೇ ಸೂರಿನಡಿ ಇವೆ. ಸೂರಿನ ಒಡೆಯರು ಮಾತ್ರ ಬದಲಾಗುತ್ತಲೇ ಬಂದರು. 2017ರಲ್ಲಿ ಜ್ಯಾಕ್ ಸ್ನೈಡರ್ ಮನೆಯ ಸಾವಿನ ದುಃಖದಿಂದ ಹೊರನಡೆದ ಮೇಲೆ ‘ಜಸ್ಟಿಸ್ ಲೀಗ್’ 2 ಗಂಟೆಗಳ ಬೇರೆಯೇ ಚಿತ್ರವಾಯಿತು. ಮರುವರ್ಷ ಎಟಿ ಆ್ಯಂಡ್ ಟಿ ಒಡೆಯನಾಯಿತು. ಅದರ ಹೊಸ ಎಚ್‌ಬಿಒ ಮ್ಯಾಕ್ಸ್ ವೇದಿಕೆಗೆ ಚಂದಾದಾರರು ಬೇಕಿತ್ತು. 2021ರಲ್ಲಿ ಸ್ನೈಡರ್ ಅವರ 4 ಗಂಟೆಗಳ ಆವೃತ್ತಿ ಹೊರಬಂದಿತು. 2022ರ ಏಪ್ರಿಲಿನಲ್ಲಿ ಡಿಸ್ಕವರಿಯೊಡನೆ ವಿಲೀನವಾಯಿತು. ನಾಲ್ಕೇ ತಿಂಗಳಲ್ಲಿ, ಸುಮಾರು 9 ಕೋಟಿ ಡಾಲರ್ ವೆಚ್ಚವಾಗಿದ್ದ, ಚಿತ್ರೀಕರಣ ಮುಗಿದಿದ್ದ ‘ಬ್ಯಾಟ್‌ಗರ್ಲ್’ ಚಿತ್ರವನ್ನು ಬಿಡುಗಡೆ ಮಾಡದೆ ಕೈಬಿಡಲಾಯಿತು. ನಷ್ಟವೆಂದು ತೆರಿಗೆ ಲೆಕ್ಕದಲ್ಲಿ ತೋರಿಸುವುದೇ ಲಾಭವೆಂಬ ಎಣಿಕೆ ಅದರ ಹಿಂದಿತ್ತೆಂದು ವರದಿಗಳು ಹೇಳಿದವು. ಅರಿಕೇಸರಿ ಪಂಪನ ಓಲೆಗರಿಗಳನ್ನು ಹೀಗೆ ಲೆಕ್ಕ ಹಾಕಿದ್ದರೆ ನಮಗೆ ಕರ್ಣ ಸಿಗುತ್ತಿರಲಿಲ್ಲ.

ಇದು ದೂರದ ಸುದ್ದಿಯೇನಲ್ಲ. ಸೋನಿಯ ‘ಅಕ್ರಾಸ್ ದ ಸ್ಪೈಡರ್-ವರ್ಸ್’ 2023ರಲ್ಲಿ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಮಾತನಾಡಿತು. ಅದೇ ವರ್ಷ ಪಿವಿಆರ್, ಐನಾಕ್ಸ್ ಒಂದಾದವು. 2024ರ ನವೆಂಬರಿನಲ್ಲಿ ರಿಲಯನ್ಸ್‌ನ ವಯಾಕಾಮ್18 ಹಾಗೂ ಡಿಸ್ನಿಯ ಸ್ಟಾರ್ ಇಂಡಿಯಾ ಬೆರೆತವು. ಯಾವ ಕಥೆ ಯಾವ ಭಾಷೆಯಲ್ಲಿ ಯಾವ ಪರದೆಗೆ ಬರಬೇಕೆಂದು ತೀರ್ಮಾನಿಸುವ ಕೈಗಳು ಇಲ್ಲಿಯೂ ಕಡಿಮೆಯಾಗುತ್ತಿವೆ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ವುಲ್ವರಿನ್ ಈಗ ಡಿಸ್ನಿಯ ಮನೆಯವನು, ಸ್ಪೈಡರ್‌ಮ್ಯಾನ್‌ನ ಚಿತ್ರಹಕ್ಕು ಸೋನಿಯದು, 2015ರ ಒಪ್ಪಂದದಿಂದ ಅವನು ಆಗಾಗ ಡಿಸ್ನಿಯ ಮನೆಗೆ ನೆಂಟನಾಗಿ ಬಂದುಹೋಗುತ್ತಾನೆ. “ಹಾಗಾದರೆ ಇಬ್ಬರನ್ನೂ ಒಬ್ಬರೇ ಕೊಂಡುಬಿಟ್ಟರೆ?” ಎಂದ. ಆಗ ಭೇಟಿಯೇನೋ ಆಗುತ್ತದೆ, ಮಗು. ಆದರೆ ಅವರು ಏನು ಮಾತಾಡಬೇಕೆಂದು ಹೇಳುವವನೂ ಒಬ್ಬನೇ ಆಗಿರುತ್ತಾನೆ.