ಪ್ರಾಥಮಿಕ ಶಾಲೆಯ ಸಮಾಜ ಪಾಠದಲ್ಲಿ ಪ್ರಶ್ನೆಯ ಸರದಿ: ಹಿಲ್ಡಾ ಟಾಬಾ ಅವರ ಸಂಶೋಧನೆ

ನಮ್ಮ ಬಿ.ಎಡ್. ವಿದ್ಯಾರ್ಥಿಗಳಿಗೆ ಹಿಲ್ಡಾ ಟಾಬಾ ಎಂದರೆ ಪಠ್ಯಕ್ರಮ ರಚನೆಯ ಏಳು ಹಂತಗಳು. ಅಗತ್ಯಗಳ ಪತ್ತೆಯಿಂದ ಮೌಲ್ಯಮಾಪನದವರೆಗಿನ ಆ ಪಟ್ಟಿ ಅವರ 1962ರ ಗ್ರಂಥದ್ದು. ಬಾಯಿಪಾಠಕ್ಕೆ ಅನುಕೂಲವಾದದ್ದೂ ಹೌದು. ಆದರೆ ಅವರ ದೊಡ್ಡ ಕೊಡುಗೆ ಇರುವುದು ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕು ಎಂಬ ವಿಚಾರದಲ್ಲಿ ಎಂಬುದು ಈ ಲೇಖನದ ವಾದ.

1902ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿದ ಟಾಬಾ ತಾರ್ತು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಕೊಲಂಬಿಯಾದಲ್ಲಿ ಸಂಶೋಧನೆ ನಡೆಸಿದರು. ಬಳಿಕ ತಾರ್ತುವಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗದೆ ಅಮೆರಿಕಕ್ಕೇ ಮರಳಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜನಾಂಗೀಯ ಪೂರ್ವಗ್ರಹವನ್ನು ಶಾಲೆಯ ಮೂಲಕ ಎದುರಿಸುವ ಯೋಜನೆಯೊಂದರ ಹೊಣೆ ಹೊತ್ತರು. ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ಮೊದಲು ತಿಳಿಯಬೇಕು, ಪಾಠ ಆಮೇಲೆ ಎಂಬ ಪಟ್ಟು ಅಲ್ಲಿಯೇ ಗಟ್ಟಿಯಾದಂತೆ ತೋರುತ್ತದೆ. 1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜು ಸೇರಿ, ಕಾಂಟ್ರಾ ಕೋಸ್ಟಾ ಕೌಂಟಿಯ ಶಿಕ್ಷಕರ ಜೊತೆಗೂಡಿ ಸಮಾಜ ಪಾಠದ ಪಠ್ಯಕ್ರಮ ಕಟ್ಟಿದರು. ಮೇಲಿನಿಂದ ಚೌಕಟ್ಟು ಇಳಿಸುವ ರೂಢಿಯನ್ನು ಅವರು ತಿರುವಿಹಾಕಿದರು: ಶಿಕ್ಷಕರು ಘಟಕ ಬರೆದು, ತರಗತಿಯಲ್ಲಿ ಒರೆಗೆ ಹಚ್ಚಿ ತಿದ್ದಬೇಕು, ಒಟ್ಟು ಚೌಕಟ್ಟು ಆ ಬಳಿಕ.

ಪಾಠದೊಳಗೂ ಇದೇ ಅನುಗಮನ. ಪರಿಕಲ್ಪನೆ ರೂಪಿಸುವುದು, ಮಾಹಿತಿಯ ಅರ್ಥ ಬಿಡಿಸುವುದು, ಕಂಡುಕೊಂಡ ತತ್ವವನ್ನು ಹೊಸ ಸಂದರ್ಭಕ್ಕೆ ಅನ್ವಯಿಸುವುದು ಎಂದು ಮೂರು ಬೌದ್ಧಿಕ ಕೆಲಸಗಳನ್ನು ಟಾಬಾ ಗುರುತಿಸಿದರು. ಮೊದಲನೆಯದನ್ನೇ ನೋಡೋಣ. ಅಂಗಡಿಯಲ್ಲಿ ಏನೇನು ಸಿಗುತ್ತದೆ ಎಂದು ಕೇಳಿದರೆ ಮಕ್ಕಳು ಹಾಲು, ಸೋಪು, ಐಸ್‌ಕ್ರೀಂ, ಬ್ರೆಡ್ಡು ಎನ್ನುತ್ತಾರೆ. ಯಾವುದರ ಜೊತೆ ಯಾವುದು ಸೇರುತ್ತದೆ, ಏಕೆ ಎಂಬುದು ಮುಂದಿನ ಪ್ರಶ್ನೆ. ಗುಂಪಿಗೆ ಹೆಸರಿಡುವುದು ಕೊನೆಗೆ. ಹಾಲು ಮತ್ತು ಬ್ರೆಡ್ಡು ತಿನಿಸು ಎಂದು ಒಂದು ಮಗು ಹೇಳಬಹುದು. ಹಾಲು ಮತ್ತು ಐಸ್‌ಕ್ರೀಂ ತಣ್ಣಗಿಡಬೇಕಾದವು ಎಂದು ಇನ್ನೊಂದು. ಎರಡೂ ಸರಿ. ವರ್ಗೀಕರಣ ಉದ್ದೇಶವನ್ನು ಅವಲಂಬಿಸಿದೆ ಎಂಬ ಸಮಾಜವಿಜ್ಞಾನದ ಮೂಲಪಾಠ ಹೀಗೆ ವ್ಯಾಖ್ಯೆಯಿಲ್ಲದೆಯೇ ಮಕ್ಕಳಿಗೆ ದಕ್ಕುತ್ತದೆ. ಹೆಸರನ್ನು ಶಿಕ್ಷಕರೇ ಮೊದಲು ಹೇಳಿಬಿಟ್ಟರೆ ಮಕ್ಕಳಿಗೆ ಉಳಿಯುವುದು ಬರಿಯ ವಿಂಗಡಣೆಯ ಚಾಕರಿ.

ಇದನ್ನು ಅವರು ಊಹೆಗೆ ಬಿಡಲಿಲ್ಲ. ತರಗತಿಯ ಚರ್ಚೆಗಳನ್ನು ಧ್ವನಿಮುದ್ರಿಸಿ, ಒಂದೊಂದು ಮಾತನ್ನೂ ಆಲೋಚನೆಯ ಮಟ್ಟಕ್ಕೆ ಅನುಸಾರವಾಗಿ ಗುರುತು ಹಾಕಿ ವಿಶ್ಲೇಷಿಸಿದ ಅಧ್ಯಯನ 1964ರಲ್ಲಿ ಹೊರಬಂತು, 1966ರಲ್ಲಿ ಇನ್ನೊಂದು. ಚರ್ಚೆಯ ಮಟ್ಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ಶಿಕ್ಷಕರ ಪ್ರಶ್ನೆ ಎಂಬುದು ಅಲ್ಲಿ ಕಂಡಿತು. ಸಾಕಷ್ಟು ವಿವರ ಸೇರುವ ಮುನ್ನವೇ 'ಏಕೆ' ಎಂದು ಮೇಲಕ್ಕೆ ಎಳೆದರೆ ಚರ್ಚೆ ಮತ್ತೆ ಬಿಡಿ ಸಂಗತಿಗಳಿಗೆ ಕುಸಿಯುತ್ತದೆ. ನನ್ನ ದೃಷ್ಟಿಯಲ್ಲಿ ಏಳು ಹಂತಗಳಿಗಿಂತ ಇದು ತೂಕದ ಫಲಿತಾಂಶ.

ವಿಧಾನಕ್ಕೆ ಮಿತಿಯೂ ಇದೆ. ಮಕ್ಕಳು ಮಾಹಿತಿಯಿಂದ ತೀರ್ಮಾನಕ್ಕೆ ಬರುತ್ತಾರೆ, ನಿಜ. ಯಾವ ಮಾಹಿತಿಯನ್ನು ಅವರ ಮುಂದಿಡಬೇಕು ಎಂದು ಆರಿಸುವವರು ಮಾತ್ರ ದೊಡ್ಡವರೇ. ಸಂಘರ್ಷ, ಅಧಿಕಾರ ಮುಂತಾದ ವಿಷಯ ಬಂದಾಗ ಈ ಆಯ್ಕೆಯೇ ಪಾಠದ ದಿಕ್ಕನ್ನು ಮೊದಲೇ ಗೊತ್ತುಮಾಡಬಲ್ಲದು.

ಟಾಬಾ 1967ರಲ್ಲಿ ತೀರಿಕೊಂಡರು. ಅವರ ಏಳು ಹಂತಗಳನ್ನು ಬರೆಯಿಸುವ ಪರೀಕ್ಷೆಗಳು ಇನ್ನಾದರೂ ತರಗತಿಯ ಚರ್ಚೆಯೊಂದನ್ನು ಅಕ್ಷರಕ್ಕಿಳಿಸಿ ಕೊಟ್ಟು, ಶಿಕ್ಷಕರು ಎಲ್ಲಿ ಅವಸರಪಟ್ಟರು, ಅಲ್ಲಿ ಯಾವ ಪ್ರಶ್ನೆ ಕೇಳಬಹುದಿತ್ತು ಎಂದು ಬರೆಯಿಸಲಿ.