ವಿಶೇಷ ಶಿಕ್ಷಕರ ಹಂಚಿಕೆ (ಭಾರತ)

ಅಂಗವೈಕಲ್ಯ ಅಥವಾ ಕಲಿಕಾ ನ್ಯೂನತೆ ಇರುವ ಮಕ್ಕಳು ಸಾಮಾನ್ಯ ಶಾಲೆಯಲ್ಲೇ ಓದುವಂತಾಗಲು ತರಬೇತಿ ಪಡೆದ ವಿಶೇಷ ಶಿಕ್ಷಕರನ್ನೂ ಅವರ ವೇತನಕ್ಕೆ ಹಣವನ್ನೂ ಸರ್ಕಾರ ಒದಗಿಸುವ ವ್ಯವಸ್ಥೆ. ಕೇಂದ್ರದ ಯೋಜನೆಯಾಗಿ ಇದು 1974ರಲ್ಲಿ ಆರಂಭವಾಯಿತು. ಹಂಚಿಕೆಯ ಅಳತೆಗೋಲು ಮೊದಲು ಶಿಕ್ಷಕ-ವಿದ್ಯಾರ್ಥಿ ಅನುಪಾತವಾಗಿತ್ತು. ಬಳಿಕ ತಲಾ ಅನುದಾನವಾಯಿತು. ನ್ಯಾಯಾಲಯದ ಮಧ್ಯಪ್ರವೇಶದಿಂದ ಮತ್ತೆ ಅನುಪಾತಕ್ಕೆ ಮರಳಿದೆ.

ಆರಂಭದ ಯೋಜನೆಗಳು

ಅಂಗವಿಕಲ ಮಕ್ಕಳನ್ನು ಆದಷ್ಟು ಸಾಮಾನ್ಯ ಶಾಲೆಗಳಿಗೇ ಸೇರಿಸಬೇಕೆಂದು ಕೊಠಾರಿ ಆಯೋಗ (1964–66) ಸಲಹೆ ಮಾಡಿತ್ತು. 1974ರಲ್ಲಿ ಬಂದ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆ (ಐಇಡಿಸಿ) ಮೊದಲು ಸಮಾಜ ಕಲ್ಯಾಣ ಇಲಾಖೆಯ ಅಡಿಯಲ್ಲಿದ್ದು, 1982ರಲ್ಲಿ ಶಿಕ್ಷಣ ಸಚಿವಾಲಯಕ್ಕೆ ವರ್ಗವಾಯಿತು. ಪುಸ್ತಕ, ಸಮವಸ್ತ್ರ, ಪ್ರಯಾಣ ಭತ್ಯೆ, ಅಂಧ ಮಕ್ಕಳಿಗೆ ಓದಿ ಹೇಳುವವರ ಭತ್ಯೆ ಇದರಲ್ಲಿದ್ದವು. ಪರಿಷ್ಕೃತ ಯೋಜನೆ 8 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರನ್ನು ಗೊತ್ತುಪಡಿಸಿತು. ಆದರೆ ಒಂದೇ ಊರಿನ ಶಾಲೆಯಲ್ಲಿ ಎಂಟು ಮಕ್ಕಳು ಸಿಗುವುದು ಅಪರೂಪ. ಹೀಗಾಗಿ 1987ರಲ್ಲಿ ಎನ್‌ಸಿಇಆರ್‌ಟಿ, ಯುನಿಸೆಫ್ ನೆರವಿನಿಂದ ನಡೆಸಿದ ಪಿಐಇಡಿ (ಅಂಗವಿಕಲರ ಸಮನ್ವಯ ಶಿಕ್ಷಣ) ಪ್ರಯೋಗ ಒಂಟಿ ಶಾಲೆಯ ಬದಲು ಇಡೀ ಬ್ಲಾಕನ್ನೇ ಘಟಕವಾಗಿಸಿಕೊಂಡು, ಅಲ್ಲಿನ ಸಾಮಾನ್ಯ ಶಿಕ್ಷಕರಿಗೂ ತರಬೇತಿ ಕೊಟ್ಟಿತು. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ವಿಶೇಷ ಶಿಕ್ಷಕರ ತರಬೇತಿಗೆ ಮಾನದಂಡವನ್ನೂ ನೋಂದಣಿಯನ್ನೂ ತಂದಿತು.

ತಲಾ ಅನುದಾನ

ಬಳಿಕ ಬಂದ ಸರ್ವ ಶಿಕ್ಷಣ ಅಭಿಯಾನ ಅನುಪಾತದ ಬದಲು ಅಂಗವಿಕಲ ಮಗುವಿಗೆ ವರ್ಷಕ್ಕೆ 1,200 ರೂಪಾಯಿಯ ಲೆಕ್ಕದಲ್ಲಿ ಹಣ ಕೊಟ್ಟಿತು. ಈ ಮೊತ್ತವನ್ನು ಮುಂದೆ 3,000ಕ್ಕೆ ಏರಿಸಿ, ಅದರಲ್ಲಿ ಕನಿಷ್ಠ 1,000 ರೂಪಾಯಿಯನ್ನು ಸಂಪನ್ಮೂಲ ಶಿಕ್ಷಕರಿಗೇ ಮೀಸಲಿಡಲಾಯಿತು. ಮೂವರು ಮಕ್ಕಳಿರುವ ಶಾಲೆಯ ಪಾಲಿಗೆ ಶಿಕ್ಷಕರ ಬಾಬ್ತು ವರ್ಷಕ್ಕೆ 3,000 ರೂಪಾಯಿ. ಅಷ್ಟರಲ್ಲಿ ಯಾರನ್ನೂ ನೇಮಿಸಲಾಗದು. ಹಣವನ್ನು ಮೇಲಿನ ಹಂತದಲ್ಲಿ ಒಟ್ಟುಗೂಡಿಸಿ, ಶಾಲೆಯಿಂದ ಶಾಲೆಗೆ ತಿರುಗುವ ಶಿಕ್ಷಕರನ್ನು ಇಟ್ಟುಕೊಳ್ಳುವುದು ರೂಢಿಗೆ ಬಂದದ್ದು ಇದರಿಂದಲೇ. 2018ರ ಸಮಗ್ರ ಶಿಕ್ಷಣ ಯೋಜನೆ ಮೊತ್ತವನ್ನು 3,500ಕ್ಕೆ ಹೆಚ್ಚಿಸಿತು. ಹೆಣ್ಣುಮಕ್ಕಳಿಗೆ ವರ್ಷದಲ್ಲಿ 10 ತಿಂಗಳು ತಲಾ 200 ರೂಪಾಯಿ ಪ್ರೋತ್ಸಾಹಧನವೂ ಸೇರಿತು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಹೀಗೆ ಶಾಲೆಯಿಂದ ಶಾಲೆಗೆ ತಿರುಗುವವರು ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ). ಇವರ ನೆಲೆ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ). ಶಾಲೆಗಳಿಗೆ ಭೇಟಿ ಕೊಡುವುದು, ವೈದ್ಯಕೀಯ ತಪಾಸಣಾ ಶಿಬಿರಗಳಿಗೆ ಮಕ್ಕಳನ್ನು ಕರೆತರುವುದು, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ನೀಡುವುದು, ಪೋಷಕರಿಗೆ ಮಾರ್ಗದರ್ಶನ ಮಾಡುವುದು ಎಲ್ಲವೂ ಇವರ ಪಾಲಿಗಿವೆ. ಕಾರ್ಯಕ್ಷೇತ್ರ ಹರಡಿಕೊಂಡಷ್ಟೂ ಒಂದೊಂದು ಮಗುವಿಗೆ ಸಿಗುವ ಕಲಿಕೆಯ ಸಮಯ ಕಡಿಮೆಯಾಗುವುದು ಈ ಪದ್ಧತಿಯ ಮುಖ್ಯ ಇತಿಮಿತಿ.

ಕಾನೂನು ಮತ್ತು ನ್ಯಾಯಾಲಯ

1995ರ ಅಂಗವಿಕಲರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹೊಣೆಯನ್ನು ಸರ್ಕಾರಕ್ಕೆ ವಹಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನ್ಯೂನತೆಗಳ ಪಟ್ಟಿಯನ್ನು 7ರಿಂದ 21ಕ್ಕೆ ವಿಸ್ತರಿಸಿ, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡಿತು. ಪಟ್ಟಿ ಬೆಳೆದಂತೆ ಶಿಕ್ಷಕರ ಅಗತ್ಯವೂ ಬೆಳೆಯಿತು. ಹುದ್ದೆಗಳು ಮಾತ್ರ ಬಹುಪಾಲು ಗುತ್ತಿಗೆಯಲ್ಲೇ ಉಳಿದವು.

ವಿಶೇಷ ಶಿಕ್ಷಕರ ನೇಮಕ ಕುರಿತ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ, ಅನುಪಾತವನ್ನು ನಿಗದಿಪಡಿಸಿ ಅದಕ್ಕೆ ತಕ್ಕಂತೆ ಕಾಯಂ ಹುದ್ದೆಗಳನ್ನು ಸೃಷ್ಟಿಸಲು ಆದೇಶಿಸಿತು. 2022ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತಿದ್ದಿ, 1ರಿಂದ 5ನೇ ತರಗತಿಯವರೆಗೆ 10 ಮಕ್ಕಳಿಗೆ, 6ರಿಂದ 8ರವರೆಗೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂದು ನಿಗದಿ ಮಾಡಿತು. ಅನುಪಾತ ಗೊತ್ತಾದರೂ ರಾಜ್ಯಗಳಲ್ಲಿ ಹುದ್ದೆಗಳ ಮಂಜೂರಾತಿ ತಡವಾಯಿತು. 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಮಧ್ಯೆ ಬಂದು, ಮಂಜೂರಾದ ಹುದ್ದೆಗಳ ಸಂಖ್ಯೆಯನ್ನು ಪ್ರಕಟಿಸಿ ನೇಮಕ ಪ್ರಕ್ರಿಯೆ ಆರಂಭಿಸುವಂತೆ ಎಲ್ಲ ರಾಜ್ಯಗಳಿಗೂ ಗಡುವು ವಿಧಿಸಿತು.