ಕಲ್ಲಿನ ಮನೆ, ಹುಲ್ಲಿನ ಮನೆ



ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದಲ್ಲಿ ಸ್ಯಾಂಟೊ ಡೊಮಿಂಗೊ ಎಂಬ ನಗರವಿದೆ. ಡೊಮಿನಿಕನ್ ಗಣರಾಜ್ಯದ ರಾಜಧಾನಿ ಅದು. ಮೆಟ್ರೊ ರೈಲು, ಎತ್ತರದ ಕಟ್ಟಡಗಳು, ವಾಹನಗಳ ಗದ್ದಲ ಎಲ್ಲ ಇರುವ ಈ ದೊಡ್ಡ ನಗರದೊಳಗೆ, ಒಸಾಮ ನದಿಯ ಪಶ್ಚಿಮ ದಡದಲ್ಲಿ, 500 ವರ್ಷ ಹಳೆಯ ಕಲ್ಲಿನ ಮನೆಗಳು ಇಂದಿಗೂ ನಿಂತಿವೆ. 1990ರಲ್ಲಿ ಯುನೆಸ್ಕೊ ಈ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲು ಊರು ನದಿಯ ಪೂರ್ವ ದಡದಲ್ಲಿತ್ತು. 1502ರಲ್ಲಿ ಚಂಡಮಾರುತ ಅದನ್ನು ಹಾಳುಮಾಡಿದಾಗ ಸ್ಪೇನಿನ ಗವರ್ನರ್ ನಿಕೊಲಾಸ್ ದೆ ಒವಾಂದೊ ಈಚೆ ದಡದಲ್ಲಿ ನೇರ ಬೀದಿಗಳನ್ನು ಹಾಕಿಸಿ ಹೊಸ ಊರು ಕಟ್ಟಿಸಿದ. ಅವನ ಮನೆ ಈಗ ಹೋಟೆಲು. ಇನ್ನೊಂದು ಮನೆಯ ಬಾಗಿಲ ಮೇಲೆ ಫ್ರಾನ್ಸಿಸ್ಕನ್ ಸನ್ಯಾಸಿಗಳು ಸೊಂಟಕ್ಕೆ ಕಟ್ಟುವ ಹಗ್ಗದ ಕೆತ್ತನೆಯಿದೆ. ಆದ್ದರಿಂದ ಅದಕ್ಕೆ 'ಹಗ್ಗದ ಮನೆ' ಎಂದೇ ಹೆಸರು. ಕೊಲಂಬಸನ ಮಗ ದಿಯೆಗೊ ಕಟ್ಟಿಸಿದ ಅರಮನೆ ಎಲ್ಲಕ್ಕಿಂತ ದೊಡ್ಡದು. ಕಾಲಾನಂತರ ಪಾಳುಬಿದ್ದ ಅದನ್ನು 1950ರ ದಶಕದಲ್ಲಿ ದುರಸ್ತಿ ಮಾಡಿದರು. ಈಗ ಅದು ವಸ್ತುಸಂಗ್ರಹಾಲಯ.

ಇಷ್ಟು ವೈಭವಕ್ಕೆ ಹಣ ಎಲ್ಲಿಂದ ಬಂತು? ದ್ವೀಪದ ಮೂಲನಿವಾಸಿಗಳಾದ ಟೈನೊ ಜನರನ್ನು ಸ್ಪೇನಿನವರು ತಮ್ಮತಮ್ಮಲ್ಲಿ ಹಂಚಿಕೊಂಡು ಚಿನ್ನದ ಗಣಿಗಳಲ್ಲಿ, ಹೊಲಗಳಲ್ಲಿ ದುಡಿಸಿದರು. ದುಡಿತ, ಹಸಿವು, ರೋಗಗಳಿಂದ ಆ ಜನ ಕೆಲವೇ ದಶಕಗಳಲ್ಲಿ ಬಹುಮಟ್ಟಿಗೆ ಅಳಿದುಹೋದರು.

1510ರಲ್ಲಿ ದೊಮಿನಿಕನ್ ಸಭೆಯ ಕೆಲವು ಗುರುಗಳು ಅಲ್ಲಿಗೆ ಬಂದರು. ಅವರ ವಾಸ ಹುಲ್ಲಿನ ಮನೆಯಲ್ಲಿ. ಕಣ್ಣಾರೆ ಕಂಡದ್ದನ್ನು ಅವರೆಲ್ಲ ಕೂಡಿ ಚರ್ಚಿಸಿ, ಪ್ರಾರ್ಥಿಸಿ, ಒಂದು ಪ್ರಬೋಧನೆಯನ್ನು ಬರೆದು ಎಲ್ಲರೂ ಸಹಿ ಹಾಕಿದರು. 1511ರ ಆಗಮನ ಕಾಲದ ನಾಲ್ಕನೆಯ ಭಾನುವಾರ ಅಂತೋನಿಯೊ ದೆ ಮೊಂತೆಸಿನೊಸ್ ಎಂಬ ಗುರು ಅದನ್ನು ಬೋಧಿಸಿದರು. ಮುಂದೆ ಕುಳಿತಿದ್ದವರು ಆ ಕಲ್ಲಿನ ಮನೆಗಳ ಒಡೆಯರೇ, ದಿಯೆಗೊ ಕೂಡ. ಅಡವಿಯಲ್ಲಿ ಕೂಗಿದ ಸ್ನಾನಿಕ ಯೊವಾನ್ನರ ಮಾತನ್ನೇ ಆಧಾರವಾಗಿಟ್ಟು ಗುರುಗಳು ಕೇಳಿದರು: ಇವರು ಮನುಷ್ಯರಲ್ಲವೇ, ಇವರಿಗೂ ಆತ್ಮವಿಲ್ಲವೇ, ನಮ್ಮಂತೆ ಇವರನ್ನೂ ಪ್ರೀತಿಸಬೇಕಲ್ಲವೇ ಎಂದು.

ಒಡೆಯರು ಕೆರಳಿದರು. ಹುಲ್ಲಿನ ಮನೆಗೆ ಹೋಗಿ, ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಪಟ್ಟುಹಿಡಿದರು. ಅದು ಒಬ್ಬನ ಮಾತಲ್ಲ, ನಮ್ಮೆಲ್ಲರದು ಎಂದರು ಹಿರಿಯ ಗುರು ಪೆದ್ರೊ ದೆ ಕೊರ್ದೊಬ. ಮುಂದಿನ ಭಾನುವಾರ ಮೊಂತೆಸಿನೊಸ್ ಮತ್ತೆ ನಿಂತು, ಅದೇ ಮಾತನ್ನು ಇನ್ನಷ್ಟು ಬಿಗಿಯಾಗಿ ಹೇಳಿದರು.

ಅನ್ಯಾಯ ಅಲ್ಲಿಗೆ ನಿಲ್ಲಲಿಲ್ಲ. 1512ರಲ್ಲಿ ಬುರ್ಗೊಸ್‌ನಲ್ಲಿ ಹೊಸ ಕಾನೂನುಗಳು ಬಂದರೂ ದುಡಿತ ಮುಂದುವರಿಯಿತು. ಆಫ್ರಿಕದಿಂದ ಜನರನ್ನು ಗುಲಾಮರಾಗಿ ತಂದರು. 1521ರ ಕ್ರಿಸ್ಮಸ್ ವೇಳೆಗೆ ದಿಯೆಗೊನ ಕಬ್ಬಿನ ತೋಟದಲ್ಲೇ ಅವರು ದಂಗೆ ಎದ್ದರು. ಆದರೂ ಆ ಮಾತು ವ್ಯರ್ಥವಾಗಲಿಲ್ಲ. ಸ್ವತಃ ಟೈನೊ ಆಳುಗಳನ್ನು ಇಟ್ಟುಕೊಂಡಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಗುರು 1514ರಲ್ಲಿ ಅವರನ್ನು ಬಿಟ್ಟುಕೊಟ್ಟು, ಉಳಿದ ಬದುಕೆಲ್ಲ ಮೂಲನಿವಾಸಿಗಳ ಪರವಾಗಿ ವಾದಿಸಿದರು. ಮೊಂತೆಸಿನೊಸ್ ಪ್ರಬೋಧನೆ ನಮಗೆ ತಿಳಿದಿರುವುದೂ ಅವರ ಬರಹದಿಂದಲೇ.

ಹುಲ್ಲಿನ ಮನೆ ಇಂದು ಇಲ್ಲ. ಆದರೆ ಸಮುದ್ರದ ಕಡೆಗೆ ಬಾಯಿಗೆ ಕೈಯಿಟ್ಟು ಕೂಗುತ್ತಿರುವ ಮೊಂತೆಸಿನೊಸರ ದೊಡ್ಡ ಪ್ರತಿಮೆ ಅದೇ ನಗರದಲ್ಲಿದೆ. ಹಳೆಯ ಮನೆಗಳನ್ನು ಕಾಪಾಡುವುದು ಒಳ್ಳೆಯದು. ಅವನ್ನು ನೋಡುವಾಗ ಕಲ್ಲು ಹೊತ್ತವರನ್ನೂ, ಅವರ ಪರವಾಗಿ ಬಾಯಿಬಿಟ್ಟವರನ್ನೂ ನೆನೆಯೋಣ. ನಮ್ಮ ಊರಿನಲ್ಲಿ, ನಮ್ಮ ಮನೆಗಳಲ್ಲಿ ದುಡಿಯುವವರ ಬಗ್ಗೆ ಅದೇ ಪ್ರಶ್ನೆಯನ್ನು ನಮ್ಮನ್ನು ನಾವೇ ಕೇಳಿಕೊಳ್ಳೋಣ.